ಕರಿದ ಎಣ್ಣೆಯ ಕಾರಿನಲ್ಲಿ ಅಕ್ಕನ ಮನೆಗೆ

ಮೊದಲು ಎರಡು ಕೆಮ್ಮು, ಆಮೇಲೆ ಉಸಿರು ಸಿಕ್ಕಿಕೊಂಡಂಥ ಒಂದು ಮೌನ. ಆ ಮೌನದಲ್ಲಿ ನಮ್ಮ ಬೀದಿಯ ಅರ್ಧ ಜನ ಹಾಸಿಗೆಯಲ್ಲೇ ಕಿವಿಗೊಟ್ಟು ಕಾಯುತ್ತಿದ್ದರು. ಮೂರನೆಯ ಸಲ ಕೆಮ್ಮದೆ, ಗುಡುಗುಡು ಎಂದು ಸದ್ದು ಹರಡಿಕೊಂಡರೆ ರಿಬ್ಹಿಯ ಹಳೆಯ ಮರ್ಸಿಡಿಸ್ ಎದ್ದಿದೆ ಎಂದರ್ಥ. ಸದ್ದಿನ ಬೆನ್ನಿಗೇ ವಾಸನೆ ಬರುತ್ತಿತ್ತು. ಜೀರಿಗೆ, ಕೊತ್ತಂಬರಿ, ಬೆಳ್ಳುಳ್ಳಿ, ಎಣ್ಣೆಯಲ್ಲಿ ಕೆಂಪಗಾದ ಕಡಲೆ, ಅಂದರೆ ಫಲಾಫಲ್ ವಡೆಯ ವಾಸನೆ. ಬೇರೆ ದಿನಗಳಲ್ಲಿ ಯಾರೂ ತಕರಾರು ಮಾಡುತ್ತಿರಲಿಲ್ಲ. ರಂಜಾನಿನಲ್ಲಿ ಮಾತ್ರ ಎದುರುಮನೆಯ ಮುದುಕಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಉಪವಾಸ ಹಿಡಿದವರ ಮೂಗಿಗೆ ಫಲಾಫಲ್ ಹಿಡಿಯುವವನಿಗೆ ನರಕದಲ್ಲಿ ಯಾವ ಜಾಗ ಕೊಡುತ್ತಾರೋ ಎಂದು ದಿನವೂ ವಿಚಾರಿಸುತ್ತಿದ್ದಳು. ರಿಬ್ಹಿ ಅವಳಿಗೆ ಸಲಾಮ್ ಹೇಳಿ ಗೇರ್ ಹಾಕುತ್ತಿದ್ದ.

ಗಾಝಾದಲ್ಲಿ ಡೀಸೆಲ್ ಬರೀ ಮಾತಿನಲ್ಲಿ ಉಳಿದಿದ್ದ ವರ್ಷ ಅದು. ನಮ್ಮ ದೇರ್ ಅಲ್-ಬಲಹ್‌ನಿಂದ ಹೊರಡುವ ಬಾಡಿಗೆ ಕಾರುಗಳಲ್ಲಿ ಅರ್ಧದಷ್ಟು, ಮನೆಗಳ ಮುಂದೆ ನಿಂತುಬಿಟ್ಟಿದ್ದವು. ಅವುಗಳ ಮೇಲೆ ಕೋಳಿಗಳು ಮಲಗುತ್ತಿದ್ದವು. ಉಳಿದವು ಅಡುಗೆಯ ಎಣ್ಣೆಯಲ್ಲಿ ಓಡುತ್ತಿದ್ದವು.

ರಿಬ್ಹಿ ಆ ವಿದ್ಯೆಯನ್ನು ಕಲಿತದ್ದು ಹೆಂಡತಿಯಿಂದ. ದೊಡ್ಡ ಮಗ ಸುಹೈಲ್‌ನ ಹೆಸರು ಹಿಡಿದು ನಾವೆಲ್ಲ ಅವಳನ್ನು ಉಮ್ಮ್ ಸುಹೈಲ್ ಎನ್ನುತ್ತೇವೆ. ಅವಳು ಫಲಾಫಲ್ ಅಂಗಡಿಗಳಿಂದ ಕರಿದು ಬಿಟ್ಟ ಎಣ್ಣೆ ತರಿಸಿ, ಹಳೆಯ ತಲೆವಸ್ತ್ರದಲ್ಲಿ ಸೋಸಿ, ಚಾವಣಿಯ ಬಿಸಿಲಿನಲ್ಲಿ ಎರಡು ದಿನ ಇಟ್ಟು, ತಳಕ್ಕಿಳಿದ ನೀರನ್ನೂ ಕಸವನ್ನೂ ಬಿಟ್ಟು ಮೇಲಿನದರಲ್ಲಿ ಸಾಬೂನು ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಸಾಬೂನಿನ ಎಣ್ಣೆ ಕಾಣೆಯಾಯಿತು. ಸಂಜೆಗೆ ನಿಂತಿದ್ದ ಕಾರು ಖಾನ್ ಯೂನಿಸ್‌ಗೆ ಹೋಗಿ ಬಂದಿತ್ತು. ಅಂದಿನಿಂದ ಅವಳು ಆ ಕಾರನ್ನು ಸವತಿ ಎಂದೇ ಕರೆದಳು. ಗಂಡ ಮನೆಗೆ ಬಂದರೆ, "ನನ್ನ ಸವತಿಗೆ ಊಟ ಆಯ್ತಾ?" ಎಂದೇ ಮೊದಲು ಕೇಳುತ್ತಿದ್ದಳು. ಆದರೂ ಆ ಎಣ್ಣೆಯನ್ನು ಸೋಸುತ್ತಿದ್ದವಳು ಅವಳೇ.

ಹೆಂಡತಿಯ ವಿದ್ಯೆಗೆ ರಿಬ್ಹಿ ತನ್ನದೊಂದನ್ನು ಸೇರಿಸಿದ್ದ. ಪ್ರತಿ ಕ್ಯಾನಿನಿಂದ ಬೆರಳ ತುದಿಯಷ್ಟು ಎಣ್ಣೆ ತೆಗೆದು ನಾಲಗೆಗೆ ಸವರಿಕೊಳ್ಳುತ್ತಿದ್ದ. ಮೀನು ಕರಿದದ್ದೋ, ಬದನೆಕಾಯಿ ಕರಿದದ್ದೋ, ಉಪ್ಪು ಸೇರಿದೆಯೋ ಇಲ್ಲವೋ ಅವನ ನಾಲಗೆಗೆ ತಿಳಿದುಬಿಡುತ್ತಿತ್ತು. ಬೇಡವಾದದ್ದನ್ನು ಸಾಬೂನಿಗೆ ಕೊಡುತ್ತಿದ್ದ. ಸ್ವಲ್ಪ ನಿಜವಾದ ಡೀಸೆಲನ್ನು ಒಂದು ಬಾಟಲಿಯಲ್ಲಿ ಇಂಜಿನ್ನಿನ ಪಕ್ಕ ಕಟ್ಟಿದ್ದ. ಬೆಳಿಗ್ಗೆ ಅದರಿಂದ ಎಬ್ಬಿಸಿ, ಇಂಜಿನ್ ಬಿಸಿಯಾದ ಮೇಲೆ ಎಣ್ಣೆಯ ನಳಿಗೆ ತಿರುಗಿಸುತ್ತಿದ್ದ. ಮಗುವಿಗೆ ಮೊದಲು ಹಾಲು, ಆಮೇಲೆ ಗಂಜಿ ಕೊಟ್ಟ ಹಾಗೆ.

ಇಪ್ಪತ್ತರ ವಯಸ್ಸಿನಲ್ಲಿ ಕಿತ್ತಳೆಹಣ್ಣಿನ ಲಾರಿ ಓಡಿಸಿದವನು ಅವನು. ಮದುವೆಯಾದ ವರ್ಷ ಈ ಕಾರು ಕೊಂಡ. ದೇರ್ ಅಲ್-ಬಲಹ್‌ನಿಂದ ರಫಾಕ್ಕೆ ಹೋಗುವ ದಾರಿಯಲ್ಲಿ ಅವನು ಕೂರಿಸಿಕೊಳ್ಳದ ಮನೆತನವಿಲ್ಲ. ಮದುಮಗಳು, ಶಾಲೆಯ ಮಕ್ಕಳು, ಹೆರಿಗೆಯ ಹೆಂಗಸರು, ಒಮ್ಮೆ ಒಂದು ಕರು ಕೂಡ. ಹಾಗೆ ಎಲ್ಲರನ್ನೂ ಎಲ್ಲರ ಮನೆಗೂ ಮುಟ್ಟಿಸುತ್ತಿದ್ದವನು ಒಂದು ಮನೆಗೆ ಮಾತ್ರ ಹೋಗುತ್ತಿರಲಿಲ್ಲ. ರಫಾದ ಅಂಚಿನಲ್ಲಿ, ಖಿರ್ಬತ್ ಅಲ್-ಅದಸ್‌ನಲ್ಲಿ, ಅವನ ಅಕ್ಕ ಝರೀಫಾಳ ಮನೆಗೆ.

ರಂಜಾನ್ ಬಂದರೆ ನಮ್ಮ ಗಂಡಸರು ಮದುವೆಯಾಗಿ ಹೋದ ಅಕ್ಕತಂಗಿಯರ ಮನೆಗೆ ಕೈತುಂಬ ಹಿಡಿದುಕೊಂಡು ಹೋಗಬೇಕು. ಅಣ್ಣತಮ್ಮಂದಿರು ಬಾರದ ಮನೆಯ ಹೆಣ್ಣು ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಾಳೆ. ನಾಲ್ಕು ರಂಜಾನ್ ರಿಬ್ಹಿ ಮಾಂಸ, ಖರ್ಜೂರ, ಬಟ್ಟೆಗಳನ್ನು ಬೇರೆ ಚಾಲಕರ ಕೈಯಲ್ಲಿ ಕಳಿಸಿದ. ಝರೀಫಾ ಅವನ್ನು ಬಿಚ್ಚದೆ ಪಕ್ಕದ ಮನೆಯವರಿಗೆ ಕೊಟ್ಟಳು. ಹಾಗೆಂದು ಅದೇ ಚಾಲಕರು ಹಿಂದಿರುಗಿ ಬಂದು ಹೇಳುತ್ತಿದ್ದರು.

ಐದನೆಯ ರಂಜಾನಿನಲ್ಲಿ ರಫಾ ಕಡೆಯಿಂದ ಬಂದ ಒಬ್ಬ ಚಾಲಕ ಕಾರು ನಿಲ್ಲಿಸದೆಯೇ ಕೂಗಿ ಹೇಳಿಹೋದ. ಝರೀಫಾ ಗುರುವಾರ ಮಾಂಸ, ಬದನೆಕಾಯಿ ಹಾಕಿ ಮಖ್ಲೂಬೆ ಅನ್ನ ಮಾಡುತ್ತಾಳಂತೆ. ಬರುವುದಾದರೆ ಉಪವಾಸ ಬಿಡುವ ಇಫ್ತಾರಿಗೆ ಬರಬಹುದಂತೆ.

ಆ ಸಂಜೆ ರಿಬ್ಹಿ ನಮ್ಮ ಮನೆಗೆ ಬಂದ. ನಾನು ಶಾಲೆಯ ಮೇಷ್ಟ್ರು, ಅವನ ಪಕ್ಕದ ಮನೆಯವನು. ಎರಡು ಲೋಟ ಚಹಾ ಕುಡಿದ. ಆಮೇಲೆ, ನೀವೂ ಜೊತೆಗೆ ಬನ್ನಿ ಎಂದ. ಮನಸ್ತಾಪದ ಮನೆಗೆ ಹೋಗುವಾಗ ಹೊರಗಿನವರೊಬ್ಬರು ಇರಬೇಕು, ಅದು ನಮ್ಮಲ್ಲಿ ನಡೆದುಬಂದದ್ದೇ. ಆದರೆ ಕರೆದದ್ದು ಅವಳೇ ಅಲ್ಲವೇ, ಇನ್ನೇನು ಹೆದರಿಕೆ ಎಂದು ಕೇಳಿದೆ.

"ಕರೆದಿದಾಳೆ ಮೇಷ್ಟ್ರೇ. ಇನ್ನೊಂದ್ಸಲ ಕರೆಯಲ್ಲ" ಎಂದ.

ಗುರುವಾರ ಮಧ್ಯಾಹ್ನ ಅವನಿಗೆ ಒಂದು ಯೋಚನೆ ಹೊಳೆಯಿತು. ಇಷ್ಟು ವರ್ಷಗಳ ಮೇಲೆ ಅಕ್ಕನ ಬಾಗಿಲಿಗೆ ಫಲಾಫಲ್ ಅಂಗಡಿಯನ್ನೇ ಹೊತ್ತುಕೊಂಡು ಹೋಗುವುದೇ? ಚಾವಣಿಯ ಮೇಲೆ ಸೋಸಿ ತಿಳಿಯಾದ ಎಣ್ಣೆ ಇತ್ತು. ಅದನ್ನು ಬಿಟ್ಟು, ಪೇಟೆಯಲ್ಲಿ ಅವ್ವಾಮೆ ಕರಿಯುವವನ ಹತ್ತಿರ ಹೋದ. ಅವ್ವಾಮೆ ಎಂದರೆ ಹಿಟ್ಟಿನ ಉಂಡೆಗಳನ್ನು ಕರಿದು ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದ ಸಿಹಿ, ರಂಜಾನಿನಲ್ಲಿ ಅದಕ್ಕೇ ಹೆಚ್ಚು ಗಿರಾಕಿ. ಹಿಂದಿನ ರಾತ್ರಿ ಕರಿದು ಉಳಿದ ಎಣ್ಣೆ ಒಂದು ಕ್ಯಾನ್ ಸಿಕ್ಕಿತು. ಮಸಾಲೆ ಇಲ್ಲ, ಬೆಳ್ಳುಳ್ಳಿ ಇಲ್ಲ. ಬಿಸಿಲಿಗೆ ಹಿಡಿದರೆ ಜೇನಿನ ಬಣ್ಣ.

ಉಮ್ಮ್ ಸುಹೈಲ್ ಸೋಸುವ ಬಟ್ಟೆ ಹಿಡಿದು ನಿಂತಿದ್ದಳು. ಎರಡು ದಿನ ಬಿಸಿಲಿಗಿಡದೆ ಹಾಕುತ್ತೀರಾ ಎಂದು ಕೇಳಿದಳು. ಇಷ್ಟು ತಿಳಿಯಾದ ಎಣ್ಣೆಯಲ್ಲಿ ಇಳಿಯುವುದಕ್ಕೆ ಏನಿದೆ ಎಂದ ಅವನು. ಅಭ್ಯಾಸದಂತೆ ಬೆರಳು ಅದ್ದಿ ಬಾಯಿಗೆ ಒಯ್ದವನು ಅರ್ಧದಲ್ಲೇ ತಡೆದ. ಉಪವಾಸ. ಅಡುಗೆ ಮಾಡುವವರು ನಾಲಗೆಯ ತುದಿಗೆ ಮುಟ್ಟಿಸಿ ಉಗುಳಿದರೆ ದೋಷವಿಲ್ಲ ಎಂದು ಹೆಂಡತಿ ನೆನಪಿಸಿದಳು. ಅವನು ಒಪ್ಪಲಿಲ್ಲ. ಈ ದಿನದ ಉಪವಾಸದಲ್ಲಿ ಕೂದಲೆಳೆಯಷ್ಟೂ ಕೊರತೆ ಇರಬಾರದು ಎಂದು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಬಟ್ಟೆಯಲ್ಲಿ ಒಮ್ಮೆ ಸೋಸಿ ಟ್ಯಾಂಕಿಗೆ ಸುರಿದ.

ಸಂಜೆಯ ನಮಾಜಿಗೆ ಮುಂಚಿನ ಇಳಿಬಿಸಿಲಿನಲ್ಲಿ ಹೊರಟೆವು. ಉಮ್ಮ್ ಸುಹೈಲ್ ಹಿಂದಿನ ಸೀಟಿನಲ್ಲಿ, ಅತ್ತಿಗೆಗೆಂದು ತಂದ ಮಾಂಸ, ಬಾದಾಮಿ, ನೀಲಿ ಬಟ್ಟೆಯ ಗಂಟುಗಳ ನಡುವೆ ಕೂತಿದ್ದಳು. ಕಾರು ಅಂದು ಹಬ್ಬದ ಅಡುಗೆಮನೆಯಂತೆ ಘಮಘಮಿಸುತ್ತಿತ್ತು. ಎದುರುಮನೆಯ ಮುದುಕಿ ಕಿಟಕಿಗೆ ಬಂದು, ಬೈಯಲು ಬಾಯಿ ತೆರೆದು, ಮೂಗರಳಿಸಿ, ಸುಮ್ಮನೆ ಒಳಗೆ ಹೋದಳು. ರಿಬ್ಹಿ ಅದನ್ನು ಶುಭವೆಂದುಕೊಂಡ.

ಊರು ದಾಟಿದ ಮೇಲೆ ಒಂದು ಕಡೆ ಅವನು ವೇಗ ತಗ್ಗಿಸಿದ. ಅಲ್ಲಿ ಈಗ ಏನೂ ಇಲ್ಲ. ಡಾಂಬರು, ಎರಡು ಕಡೆ ಒಣಹುಲ್ಲು. ಸೇನೆಯ ಗೇಟು ಇದ್ದದ್ದು ಅಲ್ಲೇ. ಅವರು ಇಷ್ಟ ಬಂದಾಗ ತೆರೆಯುತ್ತಿದ್ದರು, ಇಷ್ಟ ಬಂದಾಗ ಮುಚ್ಚುತ್ತಿದ್ದರು. ಮುಚ್ಚಿದರೆ ಗಾಝಾದ ದಕ್ಷಿಣ ಒಂದು ದೇಶ, ಉತ್ತರ ಇನ್ನೊಂದು.

ರಿಬ್ಹಿಯ ತಾಯಿ ತೀರಿಕೊಂಡದ್ದು ಅಂಥ ಒಂದು ದಿನ. ಝರೀಫಾ ಸುದ್ದಿ ಸಿಕ್ಕ ಕೂಡಲೇ ಹೊರಟು ಗೇಟಿನ ಆಚೆ ಬಂದು, ಸಾಲುಗಟ್ಟಿ ನಿಂತ ಕಾರುಗಳ ನಡುವೆ ಕೂತಿದ್ದಳು. ಇಲ್ಲಿ ಹಿರಿಯರು ಸೂರ್ಯ ಮುಳುಗುವುದರೊಳಗೆ ಮಣ್ಣು ಮಾಡಬೇಕು ಎಂದರು. ಬೇಸಗೆ ಬೇರೆ. ಗೇಟು ಇಂದು ತೆರೆಯುತ್ತದೋ, ನಾಡಿದ್ದು ತೆರೆಯುತ್ತದೋ ಯಾರಿಗೂ ಗೊತ್ತಿರಲಿಲ್ಲ. ಒಬ್ಬನೇ ಮಗ ಹೂಂ ಎನ್ನಬೇಕಿತ್ತು. ಅವನು ಹೂಂ ಎಂದ. ಗೇಟು ತೆರೆದದ್ದು ಮರುದಿನ ಬೆಳಿಗ್ಗೆ. ಝರೀಫಾ ಬಂದು ಹಸಿ ಮಣ್ಣನ್ನು ಮುಟ್ಟಿ, ತಮ್ಮನತ್ತ ನೋಡದೆ ಹಿಂದಿರುಗಿದಳು.

ಇದೆಲ್ಲ ನಮ್ಮ ಬೀದಿಗೆ ತಿಳಿದದ್ದೇ. ರಿಬ್ಹಿ ಆ ಜಾಗದಲ್ಲಿ ನನಗೆ ಹೇಳಿದ್ದು ಬೇರೆ. ಗೇಟು ಕಿತ್ತುಹೋದ ವರ್ಷ, ಇನ್ನು ಅಕ್ಕನ ಮನೆಗೆ ಹೋಗಲು ಅಡ್ಡಿ ಯಾವುದೂ ಇಲ್ಲ ಎಂದಾದಾಗಲೇ ತನಗೆ ಹೆಚ್ಚು ಭಯವಾಯಿತು ಎಂದ. ಅಲ್ಲಿಯವರೆಗೆ ಸೈನಿಕರ ನೆಪವಾದರೂ ಇತ್ತು.

ಖಾನ್ ಯೂನಿಸ್ ದಾಟುವವರೆಗೆ ಕಾರು ಚೆನ್ನಾಗಿಯೇ ಓಡಿತು. ಇಫ್ತಾರಿನ ಹೊತ್ತು ಹತ್ತಿರವಾದಂತೆ ರಸ್ತೆ ಖಾಲಿಯಾಗುತ್ತ ಬಂತು. ಎಲ್ಲರೂ ಮನೆ ಸೇರಿದ್ದರು. ಟೊಮೆಟೊ ಬೆಳೆಯುವ ಪ್ಲಾಸ್ಟಿಕ್ ಹೊದಿಕೆಯ ತೋಟಗಳ ನಡುವೆ ಇಂಜಿನ್ ಒಮ್ಮೆ ಬಿಕ್ಕಿತು. ರಿಬ್ಹಿ ಕಾಲು ಒತ್ತಿದ. ಮತ್ತೆ ಬಿಕ್ಕಿತು. ಕೊನೆಗೆ ಒಂದು ನಿಟ್ಟುಸಿರು ಬಿಟ್ಟು ರಸ್ತೆಯ ಬದಿಗೆ ನಿಂತೇಬಿಟ್ಟಿತು. ಬಾನೆಟ್ಟಿನಿಂದ ಬೆಲ್ಲ ಸೀದಂಥ ವಾಸನೆ ಬರುತ್ತಿತ್ತು.

ಅವನು ಎಣ್ಣೆ ಸೋಸುವ ಸಣ್ಣ ಪ್ಲಾಸ್ಟಿಕ್ ಫಿಲ್ಟರನ್ನು ಬಿಚ್ಚಿದ. ಒಳಗೆ ಕಂದು ಬಣ್ಣದ ಗೋಂದಿನಂಥದು ಕಟ್ಟಿಕೊಂಡಿತ್ತು. ಬಟ್ಟೆಯಿಂದ ಒರೆಸಿದ, ಊದಿದ, ಜೋಡಿಸಿದ. ಕಾರು ಎದ್ದು ಹತ್ತು ಮಾರು ನಡೆದು ಮತ್ತೆ ಕೂತಿತು. ಇನ್ನೊಮ್ಮೆ ಬಿಚ್ಚಿದ. ಅದೇ ಗೋಂದು. ಬಾಟಲಿಯ ಡೀಸೆಲ್‌ಗೆ ತಿರುಗಿಸಿದರೂ ಅದು ಅದೇ ಫಿಲ್ಟರಿನಲ್ಲಿ ಸಿಕ್ಕಿಕೊಂಡಿತು. ಇಂಥದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ.

ನನ್ನ ಫೋನಿನಿಂದ ಝರೀಫಾಳ ಮನೆಗೆ ಕರೆ ಮಾಡಿದೆವು. ಸೊಸೆ ಎತ್ತಿಕೊಂಡಳು. ಕಾರು ಕೆಟ್ಟಿದೆ, ರಸ್ತೆಯಲ್ಲಿದ್ದೇವೆ, ಹೇಗಾದರೂ ಬರುತ್ತೇವೆ ಎಂದು ರಿಬ್ಹಿ ಹೇಳುತ್ತಿರುವಾಗಲೇ ಸದ್ದು ಕಟ್ಟಾಯಿತು. ಆಮೇಲೆ ಎಷ್ಟು ಸಲ ಒತ್ತಿದರೂ ಫೋನು ಹತ್ತಲಿಲ್ಲ. ಅವಳು ಎಷ್ಟು ಕೇಳಿಸಿಕೊಂಡಳು, ಅತ್ತೆಗೆ ಏನೆಂದು ಹೇಳಿದಳು, ಗೊತ್ತಿಲ್ಲ. ಕಾರು ಕೆಟ್ಟಿತು ಎನ್ನುವುದು ನಮ್ಮಲ್ಲಿ ಎಲ್ಲರೂ ಹೇಳುವ ಮಾತು. ನಿಜವಾಗಿ ಕಾರು ಕೆಟ್ಟು ನಿಂತವರೂ ಹೇಳುತ್ತಾರೆ, ಬರಲು ಮನಸ್ಸಿಲ್ಲದವರೂ ಹೇಳುತ್ತಾರೆ.

ನಡೆದುಬಿಡುತ್ತೇನೆ ಎಂದು ರಿಬ್ಹಿ ಹೊರಟ. ಹೆಂಡತಿ ತೋಳು ಹಿಡಿದಳು. ಈ ನೋವಿನ ಮಂಡಿಯಲ್ಲಿ ನಡೆದರೆ ತಲುಪುವ ಹೊತ್ತಿಗೆ ಅವರ ರಾತ್ರಿಯ ನಮಾಜೂ ಮುಗಿದಿರುತ್ತದೆ ಎಂದಳು. ಅವನು ಹಿಂದಿರುಗಿ ಬಂದು, ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತ. ಸೂರ್ಯ ಪ್ಲಾಸ್ಟಿಕ್ ಹೊದಿಕೆಗಳ ಮೇಲೆ ಕೆಂಪಗೆ ಹರಡಿ ಸಮುದ್ರದ ಕಡೆಗೆ ಜಾರುತ್ತಿತ್ತು. ಆ ಬೆಳಕನ್ನೇ ನೋಡುತ್ತಿದ್ದ ಅವನು ಯಾರಿಗೆಂದಿಲ್ಲದೆ ಹೇಳಿದ.

"ಆವತ್ತು ಸಂಜೆ ಆಗೋದ್ರೊಳಗೆ ಮುಗಿಸಿಬಿಟ್ಟೆ. ಇವತ್ತು ಸಂಜೆ ಆದ್ರೂ ಹೋಗೋಕಾಗ್ಲಿಲ್ಲ."



ಅಜಾನ್ ಮೊದಲು ದೂರದ ಮಸೀದಿಯಿಂದ, ಆಮೇಲೆ ಹತ್ತಿರದ್ದರಿಂದ ಕೇಳಿಬಂತು. ತೋಟದಿಂದ ಒಬ್ಬ ರೈತ ನೀರಿನ ಹೂಜಿಯನ್ನೂ ಅಂಗೈಯಲ್ಲಿ ಖರ್ಜೂರವನ್ನೂ ಹಿಡಿದು ಬೇಗ ಬೇಗ ಬಂದ. ದಾರಿಯಲ್ಲಿ ಸಿಕ್ಕಿಕೊಂಡವರನ್ನು ನೋಡಿದ ಮೇಲೆ ಅವನಿಗೆ ತನ್ನ ತಟ್ಟೆಯ ಮುಂದೆ ಕೂರಲು ಆಗಲಿಲ್ಲವಂತೆ. ರಿಬ್ಹಿ ಒಂದು ಖರ್ಜೂರ ಬಾಯಿಗಿಟ್ಟುಕೊಂಡ, ನೀರು ಕುಡಿದ. ಆಮೇಲೆ ಏನೋ ಹೊಳೆದವನಂತೆ ಎದ್ದು, ಬಿಚ್ಚಿಟ್ಟ ಫಿಲ್ಟರಿನಿಂದ ಬೆರಳಲ್ಲಿ ಗೋಂದು ತೆಗೆದು ನಾಲಗೆಗೆ ಸವರಿಕೊಂಡ.

ಅವನ ಮುಖ ನೋಡುವಂತಿತ್ತು. ಇನ್ನೊಮ್ಮೆ ನೆಕ್ಕಿದ.

"ಸಿಹಿ" ಎಂದ.

ಅವ್ವಾಮೆ ಮಾರುವವನು ಒಂದೇ ಸೌಟಿನಿಂದ ಎಣ್ಣೆಯಲ್ಲೂ ಪಾಕದಲ್ಲೂ ಆಡಿಸುತ್ತಾನೆ. ಉಂಡೆ ಎತ್ತಿ ಪಾಕಕ್ಕೆ ಹಾಕುತ್ತಾನೆ, ಪಾಕ ಸುರಿಯುವ ಸೌಟನ್ನು ಮತ್ತೆ ಎಣ್ಣೆಗೆ ಇಳಿಸುತ್ತಾನೆ. ರಾತ್ರಿಯಿಡೀ ಹಾಗೆ. ಒಂದು ನಾಲಗೆ ಮುಟ್ಟಿದ್ದರೆ, ಒಂದು ದಿನ ಬಿಸಿಲಿಗಿಟ್ಟಿದ್ದರೆ ತಿಳಿಯುತ್ತಿತ್ತು.

ಉಮ್ಮ್ ಸುಹೈಲ್ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. ಅವಳು ಅಳುತ್ತಿದ್ದಾಳೆ ಎಂದು ನಾನು ಅಂದುಕೊಂಡೆ. "ಇಷ್ಟು ವರ್ಷದಲ್ಲಿ ನಂಗೊಂದು ದಿನ ಸಿಹಿ ತಂದವರಲ್ಲ, ನನ್ನ ಸವತಿಗೆ ಒಂದು ಕ್ಯಾನ್ ಕುಡಿಸಿದೀರಿ" ಎಂದಳು. ರೈತ ನಕ್ಕುಬಿಟ್ಟ. ರಿಬ್ಹಿಗೆ ನಗು ಬರಲಿಲ್ಲ. ಸಕ್ಕರೆ ಎಣ್ಣೆಗೆ ಕರಗುವುದಿಲ್ಲ, ಬಿಸಿನೀರಿಗೆ ಕರಗುತ್ತದೆ ಎಂದು ರೈತ ಕೆಟಲ್ ತರಲು ತೋಟದ ಕಡೆಗೆ ಓಡಿದ. ಫಿಲ್ಟರ್ ತೊಳೆದರೆ ಕಾರು ಏಳಬಹುದು. ಆದರೆ ಹೋಗುವುದೆಲ್ಲಿಗೆ? ಇಫ್ತಾರ್ ಮುಗಿದ ಮನೆಗೆ, ಎತ್ತಿಟ್ಟ ತಟ್ಟೆಗಳ ಮುಂದೆ ಕೂರಲು. ಕಾರನ್ನು ಊರಿನ ಕಡೆಗೇ ತಿರುಗಿಸೋಣ ಎಂದು ರಿಬ್ಹಿ ಮೆಲ್ಲಗೆ ಹೇಳಿದ.

ಆಗ ರಫಾದ ಕಡೆಯಿಂದ ಬೈಗುಳ ಕೇಳಿಸಿತು.

ಬೈಯಿಸಿಕೊಳ್ಳುತ್ತಿದ್ದದ್ದು ಒಂದು ಕತ್ತೆ. ಅದರ ವಂಶ, ಅದರ ಸೋಮಾರಿತನ, ಅದನ್ನು ಸಾಕಿದ ಯಜಮಾನ, ಒಬ್ಬೊಬ್ಬರದೇ ವಿಚಾರಣೆ ನಡೆಯುತ್ತಿತ್ತು. ಮಬ್ಬು ಬೆಳಕಿನಲ್ಲಿ ಮೊದಲು ಕತ್ತೆಯ ಕಿವಿಗಳು ಕಂಡವು, ಆಮೇಲೆ ಬಂಡಿ. ಬಂಡಿಯ ಮೇಲೆ ಕಪ್ಪು ಉಡುಪಿನ ದಪ್ಪನೆಯ ಹೆಂಗಸು, ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಕಂಬಳಿ ಸುತ್ತಿದ ದೊಡ್ಡ ಪಾತ್ರೆಯನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೂತಿದ್ದಳು.

ರಿಬ್ಹಿ ಅತ್ತ ತಿರುಗಿ ನಿಂತ. ಮುಂದೆ ಹೆಜ್ಜೆ ಇಡಲಿಲ್ಲ.

ಝರೀಫಾ ಬಂಡಿ ನಿಲ್ಲಿಸಿದಳು. ಅವನನ್ನು ನೋಡಿದಳು, ತೆರೆದ ಬಾನೆಟ್ಟನ್ನು ನೋಡಿದಳು. "ನಿಜವಾಗ್ಲೂ ಕೆಟ್ಟಿದೆ" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಅವಳ ಭುಜಗಳು ಇಳಿದದ್ದು ನನಗೆ ಕಾಣಿಸಿತು.

"ಅಕ್ಕಾ" ಎಂದ ರಿಬ್ಹಿ.

"ನಿಂತ್ಕೊಂಡು ನೋಡ್ತೀಯಲ್ಲೋ, ಪಾತ್ರೆ ಹಿಡಿ. ಕೈ ಸುಟ್ಟುಹೋಯ್ತು."

ಅವನು ಪಾತ್ರೆ ಹಿಡಿದ. ಅವಳು ಇಳಿದಳು. ಸೊಸೆ ಹೇಳಿದ ಮಾತು ಅವಳಿಗೆ ಅರ್ಧ ಮಾತ್ರ ಮುಟ್ಟಿತ್ತಂತೆ, ಮಾವನ ಕಾರು ಕೆಟ್ಟಿದೆ, ರಸ್ತೆಯಲ್ಲಿದ್ದಾರೆ ಎಂದು. ಎಲ್ಲಿ ಎಂದು ಕೇಳಿದರೆ ಸೊಸೆಗೂ ಗೊತ್ತಿಲ್ಲ. ಇರುವುದೊಂದೇ ರಸ್ತೆ ತಾನೇ ಎಂದು ಪಕ್ಕದ ಮನೆಯವರ ಬಂಡಿ ಕಟ್ಟಿಸಿಕೊಂಡು ಹೊರಟಳಂತೆ. ಅಜಾನ್ ಆದದ್ದು ದಾರಿಯಲ್ಲಿ. ಒಂದು ಖರ್ಜೂರ ತಿಂದು, ಒಂದನ್ನು ಕತ್ತೆಗೂ ಕೊಟ್ಟಳಂತೆ, ಆದರೂ ಅದು ಓಡಲಿಲ್ಲವಂತೆ. ಇದನ್ನೆಲ್ಲ ಅವಳು ಹೇಳಿದ್ದು ಉಮ್ಮ್ ಸುಹೈಲ್‌ಗೆ, ಅವಳ ಎರಡೂ ಕೆನ್ನೆಗೆ ಮುತ್ತಿಡುತ್ತ. ತಮ್ಮನ ಕಡೆ ಇನ್ನೂ ತಿರುಗಿರಲಿಲ್ಲ.

ಬಾನೆಟ್ಟು ಮುಚ್ಚಿ, ಅದರ ಮೇಲೆ ಅವಳು ಬಂಡಿಯಲ್ಲಿ ತಂದಿದ್ದ ಅಗಲವಾದ ತಟ್ಟೆ ಇಟ್ಟೆವು. ಇಂಜಿನ್ನಿನ ಬಿಸಿ ಇನ್ನೂ ಇಳಿದಿರಲಿಲ್ಲ. ಮಖ್ಲೂಬೆಯ ಪಾತ್ರೆಯನ್ನು ತಟ್ಟೆಯ ಮೇಲೆ ತಲೆಕೆಳಗಾಗಿ ಕವುಚಬೇಕು. ಅನ್ನ, ಬದನೆಕಾಯಿ, ಮಾಂಸ ಒಡೆಯದೆ ಇಡಿಯಾಗಿ ಇಳಿಯುವವರೆಗೆ ಕಾಯಬೇಕು. ಝರೀಫಾ ಒಂದು ಕಡೆ ಹಿಡಿದಳು, ರಿಬ್ಹಿ ಇನ್ನೊಂದು ಕಡೆ. ಕವುಚಿದರು. ಇಬ್ಬರೂ ಪಾತ್ರೆಯ ತಳದ ಮೇಲೆ ಕೈ ಇಟ್ಟುಕೊಂಡು ನಿಂತರು. ಮುಖಕ್ಕೆ ಮುಖ ಎದುರಾಗಿತ್ತು, ಬೇರೆಲ್ಲಿಗೂ ತಿರುಗುವಂತಿರಲಿಲ್ಲ.

"ನನಗೋಸ್ಕರ ಕಾಯ್ಬೇಕಿತ್ತು ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?" ಎಂದಳು ಝರೀಫಾ. "ಬೇಸಗೆ ದಿನ. ಅಮ್ಮನ್ನ ಹಾಗೆ ಇಟ್ಕೊಳ್ಳೋಕೆ ಆಗಲ್ಲ ಅಂತ ನಂಗೊತ್ತಿಲ್ವಾ?"

"ಮತ್ತೆ?"

"ಮತ್ತೆ ಏನು ಮತ್ತೆ? ಗೇಟು ತೆಗೆದ್ರು. ನೀನು ಬರ್ಲಿಲ್ಲ. ಯಾರ್ಯಾರೋ ಡ್ರೈವರ್ ಕೈಲಿ ಬಟ್ಟೆ ಕಳಿಸ್ತೀಯ. ನಾನೇನು ನಿನ್ನ ಬಾಡಿಗೆ ಬಾಕೀನಾ?"

"ನಿನ್ನ ಮುಖ ನೋಡೋಕೆ ಧೈರ್ಯ ಆಗ್ಲಿಲ್ಲ ಅಕ್ಕಾ."

"ಈಗ ನೋಡ್ತಾ ಇದೀಯಲ್ಲ. ಏನಾಯ್ತು?"

ರಿಬ್ಹಿಯ ಕಣ್ಣೀರು ಹರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಝರೀಫಾ ತನ್ನ ಒಂದು ಕೈ ಬಿಡಿಸಿ, ತೋಳಿನ ಬಟ್ಟೆಯಿಂದ ಅವನ ಮುಖವನ್ನು ಒರೆಸಿದಳು, ಚಿಕ್ಕ ಹುಡುಗನಿಗೆ ಒರೆಸುವಂತೆ, ಸ್ವಲ್ಪ ಜೋರಾಗಿಯೇ. ಆಮೇಲೆ ಪಾತ್ರೆಯ ಬೆನ್ನು ತಟ್ಟಿ ಎತ್ತಿದಳು. ಮಖ್ಲೂಬೆ ಇಡಿಯಾಗಿ ಇಳಿದಿತ್ತು. ಅದರ ಹಬೆಯಲ್ಲಿ ನಮಗೆಲ್ಲರಿಗೂ ಉಸಿರು ಹಿಂದಿರುಗಿ ಬಂದಂತಾಯಿತು.

ಕೆಟಲ್ ಹಿಡಿದು ಬಂದ ರೈತನನ್ನೂ ಕೂರಿಸಿಕೊಂಡು ಉಂಡೆವು. ರಿಬ್ಹಿ ಸಿಹಿ ಎಣ್ಣೆಯ ಕತೆಯನ್ನು ಅಕ್ಕನಿಗೆ ಹೇಳಿದ. ತನ್ನ ಮೂಗಿಗಾಗಿ ಅವನು ಇಷ್ಟೆಲ್ಲ ಮಾಡಿದ ಎಂದು ತಿಳಿದು ಅವಳು ನಕ್ಕ ನಗೆಗೆ ಕತ್ತೆ ಬೆಚ್ಚಿತು. ಫಲಾಫಲ್ ವಾಸನೆ ಇರದ ಕಾರು ಇಡೀ ಗಾಝಾದಲ್ಲಿ ಎಲ್ಲಿದೆ, ಅದಕ್ಕೆ ಮೂಗು ಮುಚ್ಚಿಕೊಳ್ಳುವಷ್ಟು ದೊಡ್ಡ ಹೆಂಗಸು ತಾನಲ್ಲ ಎಂದಳು. ಊಟ ಮುಗಿಯುವುದರೊಳಗೆ ಅವನ ಮಂಡಿಗೆ ಹಚ್ಚುವ ಔಷಧಿಯಿಂದ ಹಿಡಿದು ಸುಹೈಲ್‌ನ ಮದುವೆಯವರೆಗೆ ಎಲ್ಲವನ್ನೂ ತೀರ್ಮಾನಿಸಿಯೂಬಿಟ್ಟಳು. ಉಮ್ಮ್ ಸುಹೈಲ್ ತಂದ ಗಂಟುಗಳನ್ನು ಝರೀಫಾ ಅಲ್ಲೇ ಬಿಚ್ಚಿ, ನೀಲಿ ಬಟ್ಟೆಯನ್ನು ಎದೆಗೆ ಹಿಡಿದು ನೋಡಿ, ಈ ಬಣ್ಣ ಯಾರು ಆರಿಸಿದ್ದು ಎಂದು ಕೇಳಿದಳು.

ಆಮೇಲೆ ಹೆಂಗಸರಿಬ್ಬರೂ ಬಂಡಿಯ ಹತ್ತಿರ ಹೋದರು. ರಿಬ್ಹಿ ಟ್ಯಾಂಕಿನ ತಳದ ಪಾಕವನ್ನು ಕ್ಯಾನಿಗೆ ಇಳಿಸುತ್ತಿದ್ದ, ನಾನು ಫೋನಿನ ಬೆಳಕು ಹಿಡಿದಿದ್ದೆ. ಬಿಸಿನೀರಿನಲ್ಲಿ ತೊಳೆದ ಫಿಲ್ಟರ್ ಗಾಜಿನ ಹಾಗೆ ತಿಳಿಯಾಗಿತ್ತು. ಅವನು ಒಂದು ಹಾಡನ್ನು ಮೂಗಿನಲ್ಲೇ ಗುನುಗುತ್ತಿದ್ದ. ಇಷ್ಟು ವರ್ಷ ಪಕ್ಕದ ಮನೆಯಲ್ಲಿದ್ದು ನಾನು ಅವನ ಹಾಡು ಕೇಳಿದ್ದು ಅದೇ ಮೊದಲು. ಡೀಸೆಲ್ ಬಾಟಲಿಯಲ್ಲಿ ಉಳಿದಿರುವುದು ರಫಾಕ್ಕೆ ಸಾಕೋ, ಊರಿಗೆ ಸಾಕೋ ಎಂದು ಕೇಳಿದೆ.

"ಊರಿಗೆ ಸಾಲಲ್ಲ ಮೇಷ್ಟ್ರೇ. ರಫಾಕ್ಕೇನೋ ಹೋಗಬಹುದು. ಅಲ್ಲಿ ಅಕ್ಕನ ಬೀದೀಲಿ ಒಬ್ಬ ಫಲಾಫಲ್ ಅಂಗಡಿಯವನು ಇದಾನಂತೆ, ಬೆಳಿಗ್ಗೆ ಅವನ ಹತ್ರ…"

"ಹಾಗಾದರೆ ಇವತ್ತು ಅಲ್ಲೇ ಉಳಿಯುವುದು ಅಂತ ಆಯ್ತೇ? ನನ್ನ ಮನೆಯಲ್ಲಿ ನಾನು ಹೇಳಿ ಬಂದಿಲ್ಲ" ಎಂದೆ.

ಬಂಡಿಯ ಹತ್ತಿರ ಝರೀಫಾ ಖಾಲಿ ಪಾತ್ರೆಯನ್ನು ಒಬ್ಬಳೇ ಎತ್ತಿ ಇಡಲು ಹೋಗಿ, ಸೊಂಟ ಹಿಡಿದುಕೊಂಡು, ಮತ್ತೆ ಕತ್ತೆಯನ್ನು ಬೈದಳು.

"ಇರಿ ಮೇಷ್ಟ್ರೇ" ಎಂದು ರಿಬ್ಹಿ ಕ್ಯಾನನ್ನು ನನ್ನ ಕೈಗಿತ್ತು, ಕೈ ಒರೆಸಿಕೊಳ್ಳುತ್ತ ಅಕ್ಕನ ಕಡೆಗೆ ಹೊರಟುಹೋದ.